ಎದ್ದು ಚಪ್ಪಲಿ ಕೇಳಿದವನು

ಬಾಗಿಲ ಬಳಿ ನಿಂತಿದ್ದವನನ್ನು ಕಂಡು ಅವಳು ನಿಂತಲ್ಲೇ ನಿಂತಳು.

ಅವನೇ... ಗಡ್ಡ ಬಂದಿದೆ, ಕಣ್ಣಿನ ಕೆಳಗೆ ಕಪ್ಪಾಗಿದೆ. ಆದರೂ ಅವನೇ. ಅವನೂ ನೋಡಿದ, ನೋಡಿ ತಲೆ ತಗ್ಗಿಸಿದ.

ಅವಳು ಹೈಸ್ಕೂಲ್ ಟೀಚರ್. ಯಾವ ಸಿನಿಮಾವನ್ನು ಯಾವ ವಯಸ್ಸಿನವರು ನೋಡಬಹುದು ಎಂದು ತೀರ್ಮಾನಿಸುವ ಸಮಿತಿಯಲ್ಲಿ ಈ ವರ್ಷ ಅವಳಿಗೂ ಒಂದು ಕುರ್ಚಿ ಸಿಕ್ಕಿತ್ತು. ಇವತ್ತಿನದು ಇಬ್ಬರು ಪೋಲಿ ಗೆಳೆಯರ ಹಾಸ್ಯಚಿತ್ರ. ಹದಿಹರೆಯದವರಿಗೆ ತೋರಿಸಬಹುದೇ ಎಂಬುದು ಪ್ರಶ್ನೆ. ನಿರ್ದೇಶಕ ಅವನೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ದೀಪ ಆರಿಸುವ ಮೊದಲು ಅಧ್ಯಕ್ಷೆ ಎಂದಿನಂತೆ ಕೇಳಿದರು. ಚಿತ್ರತಂಡದಲ್ಲಿ ಬಂಧುಗಳೋ ಆಪ್ತರೋ ಇದ್ದರೆ ಈಗಲೇ ಹೇಳಬೇಕು, ಹೇಳಿ ಎದ್ದು ಹೋಗಬೇಕು.

"ನನಗೆ ಯಾರೂ ಇಲ್ಲ," ಎಂದಳು ಅವಳು.

ಸಿನಿಮಾ ಶುರುವಾಯಿತು. ಹೂಸು, ಚಡ್ಡಿ, ಕಕ್ಕಸು, ಬಾಯಿ ತೆರೆದರೆ ಬೈಗುಳ! ಸಮಿತಿಯಲ್ಲಿದ್ದ ನಿವೃತ್ತ ಹೆಡ್‌ಮಾಸ್ಟರು ಮುಖ ಕಿವುಚಿಕೊಂಡು ಕೂತರು. ಡಾಕ್ಟರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳಿಗೆ ಮಾತ್ರ ನಗು ಬರಲಿಲ್ಲ. ಪರದೆಯ ಮೇಲಿನ ದಪ್ಪ ಹುಡುಗ ಅವಳ ತಮ್ಮ ಗುಂಡನ ಹಾಗೆಯೇ ಬೈಯುತ್ತಿದ್ದ, ಅವನ ಹಾಗೆಯೇ ಮೂಗು ಒರೆಸಿಕೊಳ್ಳುತ್ತಿದ್ದ.

ಆಮೇಲೆ ತಾರಸಿ ಬಂತು. ಪಕ್ಕದ ಕಟ್ಟಡಕ್ಕೆ ಹಾರುವ ಪಂಥ. ಹಾರೋ ಪುಕ್ಕಲ ಎಂದು ಗೆಳೆಯ ಕೆಣಕುತ್ತಾನೆ. ದಪ್ಪ ಹುಡುಗ ಹಾರಿ, ಜಾರಿ, ಕೆಳಗಿನ ಹಾಸಿಗೆ ಅಂಗಡಿಯ ರಾಶಿಯ ಮೇಲೆ ದೊಪ್ಪನೆ ಬೀಳುತ್ತಾನೆ. ಎದ್ದು ಕೂತು, "ನನ್ನ ಇನ್ನೊಂದು ಚಪ್ಪಲಿ ಎಲ್ಲೋ?" ಎನ್ನುತ್ತಾನೆ. ಹೆಡ್‌ಮಾಸ್ಟರೂ ನಕ್ಕುಬಿಟ್ಟರು.

ಗುಂಡ ಬಿದ್ದಲ್ಲಿ ಹಾಸಿಗೆ ಇರಲಿಲ್ಲ, ಸಿಮೆಂಟ್ ಇತ್ತು. ಅವನಿಗಾಗ ಹದಿನೇಳು. ತಾರಸಿಯಲ್ಲಿ ಉಳಿದ ಒಂಟಿ ಚಪ್ಪಲಿಯನ್ನು ಮನೆಗೆ ತಂದವನು ಇವನೇ, ಗುಂಡನ ಜೀವದ ಗೆಳೆಯ, ಅವಳು ಮನಸ್ಸು ಕೊಟ್ಟಿದ್ದವನು. ಅವಳು ಆ ಚಪ್ಪಲಿಯನ್ನು ಅವನ ಮುಖಕ್ಕೇ ಎಸೆದಿದ್ದಳು. ಮತ್ತೆ ಮಾತಾಡಿರಲಿಲ್ಲ.

ನನ್ನ ತಮ್ಮನ ಸಾವನ್ನು ಟಿಕೆಟ್ ಇಟ್ಟು ಮಾರ್ತಿದಾನಲ್ಲ... ಥೂ!

ದೀಪ ಹೊತ್ತಿದ ಮೇಲೆ ಅವನನ್ನು ಒಳಗೆ ಕರೆದರು. ತಾರಸಿಯ ದೃಶ್ಯ ಕತ್ತರಿಸಿದರೆ ಹದಿಮೂರು ದಾಟಿದವರೆಲ್ಲ ನೋಡಬಹುದು, ಇಲ್ಲವಾದರೆ ವಯಸ್ಕರಿಗೆ ಮಾತ್ರ ಎಂದರು ಅಧ್ಯಕ್ಷೆ. ಅವನು ಕತ್ತರಿಸುವುದಿಲ್ಲ ಎಂದ.

ಅವಳಿಗೆ ತಡೆಯಲಾಗಲಿಲ್ಲ.

"ಅಷ್ಟು ಎತ್ತರದಿಂದ ಬಿದ್ದೋರು ಎದ್ದು ಚಪ್ಪಲಿ ಕೇಳಲ್ಲ. ಹಾರು ಅಂದೋನು ನೀನು. ನಿನಗೆ ಗೊತ್ತಿಲ್ವಾ?"

ನೀನು ಎಂದದ್ದು ಕೇಳಿ ಎಲ್ಲರೂ ಅವಳತ್ತ ತಿರುಗಿದರು.

"ನಾನೇ ಅಂದೆ," ಎಂದ ಅವನು. "ನಡೆದ ಹಾಗೇ ಬರೆಯೋಕೆ ಕೂತೆ. ಪ್ರತಿ ಸಲ ಅವನು ಬೀಳೋ ಹೊತ್ತಿಗೆ ಕೈ ನಿಂತುಹೋಗೋದು. ಇಲ್ಲಾದ್ರೂ ಎದ್ದೇಳಲಿ ಅಂತ... ಅದನ್ನ ಕತ್ತರಿಸಿದ್ರೆ ನನಗೆ ಈ ಸಿನಿಮಾನೇ ಬೇಡ."

ಅವಳು ಅವನನ್ನೇ ನೋಡಿದಳು. ಇಷ್ಟು ವರ್ಷ ತಾನೊಬ್ಬಳೇ ಅಳುತ್ತಿದ್ದೇನೆ ಎಂದುಕೊಂಡಿದ್ದಳಲ್ಲ!

ಇವರು ನಿಮಗೆ ಪರಿಚಯವೇ ಎಂದು ಅಧ್ಯಕ್ಷೆ ಮೆಲ್ಲಗೆ ಕೇಳಿದರು. ಅವಳು ಎದ್ದು ನಿಂತಳು.

"ಆಗ ಸುಳ್ಳು ಹೇಳಿದೆ ಮೇಡಂ. ಇವನು ನನ್ನ ತಮ್ಮನ ಸ್ನೇಹಿತ. ನಾನು ಪ್ರೀತಿಸಿದೋನು... ದ್ವೇಷಿಸೋಕೆ ನೋಡಿದೆ, ಆಗ್ಲಿಲ್ಲ. ನನ್ನ ಅಭಿಪ್ರಾಯ ಲೆಕ್ಕಕ್ಕೆ ತಗೋಬೇಡಿ."

ಹೊರಗೆ ಹೊರಟವಳ ಬೆನ್ನಿಗೆ ಅವನ ಮಾತು ಕೇಳಿಸಿತು. "ದೊಡ್ಡೋರಿಗೆ ಮಾತ್ರ ಅಂತಾನೇ ಕೊಡಿ ಮೇಡಂ. ಅವನ ವಯಸ್ಸಿನ ಹುಡುಗ್ರು ಇದನ್ನ ನೋಡಬಾರದು. ನಗ್ತಾ ನಗ್ತಾ ಹಾರಿಬಿಡ್ತಾರೆ."

ಗುಂಡನ ಸಿನಿಮಾ, ಗುಂಡನಿಗೇ ಪ್ರವೇಶವಿಲ್ಲ. ಅವಳು ಹೊರಗಿನ ಮೆಟ್ಟಿಲ ಮೇಲೆ ಕೂತಳು.

ಸ್ವಲ್ಪ ಹೊತ್ತಿಗೆ ಅವನೂ ಬಂದು ಒಂದು ಮೆಟ್ಟಿಲು ಕೆಳಗೆ ಕೂತ.

"ಅಮ್ಮ ಹೇಗಿದಾರೆ?"

"ಮಾತೇ ಕಮ್ಮಿ. ಒಂದ್ಸಲ ಇದನ್ನ ಅವಳಿಗೆ ತೋರಿಸ್ತೀಯಾ?"

ಅವನು ಗಾಬರಿಯಾದ. "ಇಷ್ಟು ಬೈಗುಳ ಇರೋದನ್ನಾ?"

"ಅವನು ಬೈಯೋದನ್ನ ಕೇಳಿ ಅವಳಿಗೂ ತುಂಬಾ ದಿನ ಆಯ್ತು."

ಅವನು ಮುಖ ಮುಚ್ಚಿಕೊಂಡು ಅತ್ತ. ಅವಳು ಅವನ ಕೈಯನ್ನು ಮುಖದಿಂದ ಬಿಡಿಸಿ ತನ್ನ ಕೈಯೊಳಗೆ ಇಟ್ಟುಕೊಂಡಳು.

"ನೀನೂ ಪಕ್ಕದಲ್ಲೇ ಕೂತ್ಕೋಬೇಕು. ಆ ತಾರಸಿ ಬಂದಾಗ ನನಗೊಬ್ಬಳಿಗೇ ಆಗಲ್ಲ."

"ನನಗೂ ಆಗಲ್ಲ," ಎಂದ ಅವನು.