ಕುಕನೂರಿನ ಮೂಕ ವಿಮಾನ

ರೇಡಿಯೋ ಮಾತಾಡಲಿಲ್ಲ.

ಕೊಟ್ರಪ್ಪ ಸಾವ್ಕಾರರು ವಿಮಾನದ ಕುಳಿಯಲ್ಲಿ ಕೂತು ಅದರ ಕಿವಿ ತಿರುವಿದರು. ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ. ಜನರಿಗೂ ಕೇಳಲೆಂದು ಜೋಡಿಸಿದ್ದ ಕಹಳೆಯಿಂದ ಸುಂಯ್ ಎಂಬ ಸದ್ದು ಬಂತು, ಅಷ್ಟೇ. ಹತ್ತಿ ಗಿರಣಿಯ ಹಿಂದೆ, ಜೋಳ ಕೊಯ್ದ ಎರೆಹೊಲದ ತುಂಬ ನಿಂತಿದ್ದ ಜನ ಕತ್ತು ಉದ್ದ ಮಾಡಿದರು.

"ಬಾಲ ತಿರುವ್ರಿ ಸಾವ್ಕಾರ್ರ! ಎತ್ತು ಏಳಲಿಲ್ಲಂದ್ರ ನಾವು ಹಂಗ ಮಾಡ್ತೀವಿ!" ಯಾರೋ ಕೂಗಿದರು.

ನಗೆ ಎದ್ದಿತು. ಕೊಟ್ರಪ್ಪನವರ ಮುಖ ಕೆಂಪಾಯಿತು. ಕೆಳಗೆ ಜಿಗಿದವರೇ ಚಕ್ರದ ಬಳಿ ನಿಂತಿದ್ದ ಶಬ್ಬೀರಸಾಬನ ಕೈ ಹಿಡಿದರು.

"ಇಂವಾ! ಅಮೀನಸಾಹೇಬ್ರ, ಇಂವಾನ ಮಾಡ್ಯಾನ. ಎಳಕೊಂಡು ನಡೀರಿ."

ಅದು ಮೂವತ್ತೆಂಟನೆಯ ಇಸವಿ. ಇಂಗ್ಲಿಷ್ ಮಾಸಪತ್ರಿಕೆಯೊಂದರ ನಕಾಶೆ ಎದುರಿಗಿಟ್ಟುಕೊಂಡು ಕೊಟ್ರಪ್ಪ ವಿಮಾನ ಕಟ್ಟತೊಡಗಿ ಬಹಳ ಕಾಲವಾಗಿತ್ತು. ಎಂಜಿನ್ನು ಸಿಕಂದರಾಬಾದಿನಿಂದ ಬಂತು. ಮರದ ಹಂದರ, ಅದರ ಮೇಲಿನ ಬಿಳಿ ಬಟ್ಟೆ ಕಿನ್ನಾಳದ ಗೊಂಬೆ ಮಾಡುವವರ ಕೈಯವು. ರೇಡಿಯೋ ಕೂರಿಸಿದವನು ಕೊಪ್ಪಳದಲ್ಲಿ ಗ್ರಾಮಾಫೋನು ರಿಪೇರಿ ಅಂಗಡಿ ಇಟ್ಟಿದ್ದ ಶಬ್ಬೀರಸಾಬ. ಇಂದು ರೇಡಿಯೋ ಕೇಳಿಸುವುದು, ನಾಳೆ ಬೆಳಿಗ್ಗೆ ಹಾರುವುದು ಎಂದು ಡಂಗುರ ಹೊಡೆಸಿಯಾಗಿತ್ತು. ಆದರೆ ಒಂದು ಆಣೆ ಇತ್ತು. ರೇಡಿಯೋ ಮಾತಾಡದ ಹೊರತು ನೆಲ ಬಿಡುವುದಿಲ್ಲವೆಂದು ಕೊಟ್ರಪ್ಪ ತಾಯಿ ವಿರೂಪಾಕ್ಷಮ್ಮನ ಕೈ ಮುಟ್ಟಿ ಹೇಳಿದ್ದರು. ಗಾಳಿ ಮಳೆಯ ಸುದ್ದಿ ಮೇಲೆಯೇ ಕೇಳುತ್ತದೆ, ಹೆದರಬೇಡ ಎಂದು ತಾಯಿಗೆ ಧೈರ್ಯ ತುಂಬಲು ಮಾಡಿದ ಆಣೆ ಅದು.

ಪೋಲೀಸು ಅಮೀನರು ಶಬ್ಬೀರನ ರಟ್ಟೆ ಹಿಡಿದರು. ಆದರೆ ಪೂರ್ತಿ ಮನಸ್ಸಿಲ್ಲ. ಸುತ್ತ ನೋಡಿ, ಗಿರಣಿಯ ಗೋಡೆಗೆ ಒರಗಿ ಎಲೆ ಅಡಿಕೆ ಹಾಕುತ್ತಿದ್ದ ಓಬಳೆಪ್ಪನನ್ನು ಕರೆದರು. ಓಬಳೆಪ್ಪ ಪೋಲೀಸು ಜಮಾದಾರನಾಗಿದ್ದು ನಿವೃತ್ತನಾದವನು. ಕಳುವಾದ ಎತ್ತಿನ ಹೆಜ್ಜೆ ಹಿಡಿದು ಹೊಳೆ ದಾಟಿ ಹೋಗಿ ಎತ್ತು ತಂದವನೆಂದು ಹೆಸರಿತ್ತು.

"ಜಮಾದಾರ್, ಸ್ವಲ್ಪ ನೋಡ್ರಿ. ಹೊತ್ತು ಮುಳುಗೂದರಾಗ ನಾ ಯಲಬುರ್ಗಾ ಮುಟ್ಟಬೇಕು. ಜಲ್ದಿ."

ಓಬಳೆಪ್ಪ ಜಲ್ದಿ ಎಂಬ ಮಾತು ಕೇಳಿಯೇ ಇಲ್ಲವೆಂಬಂತೆ ನಿಧಾನವಾಗಿ ಬಂದ.

"ಸಾವ್ಕಾರ್ರ, ಇಂವ ಏನು ಮಾಡ್ಯಾನ ಅಂತೀರಿ?"

"ಒಳಗ ದನಿ ಹಿಡಿಯೂ ತಂತಿ ಕಡದಾನ. ನನಗೂ ಅವಗೂ ಜಗಳಾ ಆಗಿತ್ತು. ತಂತಿ ಹೊರಗ ಕಟ್ಟಬೇಕಂತ ಹಟ ಮಾಡಿದ. ನಾ ಒಳಗ ಹಾಕು ಅಂದೆ. ‘ಆಮ್ಯಾಲೆ ನನ್ನ ಅನಬ್ಯಾಡ್ರಿ’ ಅಂದ. ಕೇಳ್ರಿ ಬೇಕಾದ್ರ!"

"ಅಂದ್ಯೇನಪಾ?"

"ಅಂದೀನ್ರಿ." ಶಬ್ಬೀರ ಒಪ್ಪಿಕೊಂಡ. "ಸಿಟ್ಟಿನಾಗ ಅಂದ ಮಾತು."

"ಮತ್ತ!" ಎಂದರು ಕೊಟ್ರಪ್ಪ. "ಈ ರೇಡಿಯೋ ಪೆಟಿಗಿ ಹೊಸದಾಗಿ ತಂದು ಗಿರಣಿ ತಗಡಿನ ಕೆಳಗ ಇಟ್ಟಾಗೂ ಉಸಿರು ಬಿಟ್ಟಿರಲಿಲ್ಲ. ಇಂವನ ಬಂದು ಬೇವಿನ ಮರಕ್ಕ ತಂತಿ ಕಟ್ಟಿ ಮಾತಾಡಿಸಿದ. ಬಾಯಿ ಬಿಡಿಸೋದು ಗೊತ್ತಿದ್ದವಗ ಬಾಯಿ ಕಟ್ಟೋದು ಗೊತ್ತಿರಂಗಿಲ್ಲೇನು?"

ಜನ ತಲೆ ಅಲ್ಲಾಡಿಸಿದರು. ಮಾತು ಸರಿಯಾಗಿತ್ತು. ಶಬ್ಬೀರ ಆ ತಲೆಗಳನ್ನೆಲ್ಲ ನೋಡಿದ. ಅದರಲ್ಲಿ ಅವನ ಗಿರಾಕಿಗಳಿದ್ದರು. ಸಾವಿರಾರು ರೂಪಾಯಿಯ ಸಾಮಾನನ್ನು ರಸೀದಿ ಇಲ್ಲದೆ ಅವನ ಅಂಗಡಿಯಲ್ಲಿ ಬಿಟ್ಟು ಹೋಗುವವರು. ಒಮ್ಮೆ ಠಾಣೆಯ ಮೆಟ್ಟಿಲು ಹತ್ತಿದರೆ, ಬಿಟ್ಟು ಬಂದ ಮೇಲೂ, ಒಂದು ಸೂಜಿಯನ್ನು ನಂಬಿ ಕೈಗೆ ಕೊಡುವವರು ಯಾರು?

"ಪೆಟಿಗಿ ತಗದು ಹೊರಗಿಡು," ಓಬಳೆಪ್ಪ ಹೇಳಿದ.

ಶಬ್ಬೀರ ಪೆಟ್ಟಿಗೆ, ಬ್ಯಾಟರಿ ಬಿಚ್ಚಿ ಬೇವಿನ ಮರದ ಕೆಳಗಿಟ್ಟು, ಕೊಂಬೆಯಿಂದ ಇಳಿಬಿದ್ದಿದ್ದ ಹಳೇ ತಂತಿಗೆ ಜೋಡಿಸಿದ. ಕಿವಿ ತಿರುವಿದ್ದೇ ತಡ ಹೈದರಾಬಾದು ಹಾಡತೊಡಗಿತು. ಸಾರಂಗಿ, ತಬಲ, ಒಬ್ಬ ಹೆಂಗಸಿನ ದನಿ. ಜನ ಹೋ ಎಂದರು.

ಕೊಟ್ರಪ್ಪ ಕೈ ತಟ್ಟಿದರು. "ನೋಡಿದ್ರಿಲ್ಲೋ? ಪೆಟಿಗಿ ಗಟ್ಟಿಮುಟ್ಟಿ ಐತಿ. ತಂತಿಯಾಗ ದಗಾ ಐತಿ. ತಂತಿ ಯಾರು ಹಾಕ್ಯಾರ?"

ಪರೀಕ್ಷೆ ಶಬ್ಬೀರನಿಗೇ ತಿರುಗಿಬಿತ್ತು. ಅಮೀನರು ಗಡಿಯಾರ ನೋಡಿಕೊಂಡರು.

"ತಂತಿ ನೋಡೂಣು," ಎಂದ ಓಬಳೆಪ್ಪ.

ಕುಳಿಯ ಹಿಂದಿನಿಂದ ಹೊರಟು, ಒಡಲಿನ ಒಳಗೇ ಪಿಂಗಾಣಿ ಗುಬ್ಬಿಗಳ ಮೇಲೆ ಹಾದು ಬಾಲದವರೆಗೆ ಹೋಗಿತ್ತು ತಂತಿ. ಶಬ್ಬೀರ ಟಾರ್ಚಿನ ಬಲ್ಬು ತಂದ. ಒಂದು ತುದಿಗೆ ಬ್ಯಾಟರಿ, ಇನ್ನೊಂದು ತುದಿಗೆ ಬಲ್ಬು. ಅಮೀನರೇ ಬಗ್ಗಿ ನೋಡಿದರು. ಬಲ್ಬು ಉರಿಯಿತು. ತಂತಿ ಎಲ್ಲೂ ಕಡಿದಿರಲಿಲ್ಲ.

ಪೆಟ್ಟಿಗೆ ಸರಿ. ತಂತಿ ಸರಿ. ಎರಡನ್ನೂ ಮತ್ತೆ ವಿಮಾನದಲ್ಲಿ ಜೋಡಿಸಿದರೆ — ಸುಂಯ್.

"ಇದು ಭೂತ ಅಲ್ಲ, ಇವನ ಕೈಚಳಕ!" ಕೊಟ್ರಪ್ಪ ಕೂಗಿದರು. ದನಿಯಲ್ಲಿ ಈಗ ಸಿಟ್ಟಿಗಿಂತ ದಿಗಿಲೇ ಹೆಚ್ಚಿತ್ತು. ನಾಳೆ ಬೆಳಗು ಹತ್ತಿರ ಬರುತ್ತಿತ್ತು.

ಓಬಳೆಪ್ಪ ಶಬ್ಬೀರನನ್ನು ಚಕ್ರದ ಬಳಿ ಕೂರಿಸಿಕೊಂಡ.

"ಈ ಗಾಡಿಯಾಗ ಇದು ಒಮ್ಮೆರ ಮಾತಾಡಿತ್ತೇನು?"

"ಮಾತಾಡಿತ್ತರಿ! ಇಡೀ ಗಿರಣಿ ಕೇಳೈತಿ. ಆಮ್ಯಾಲೆ ತಂಗಿ ಮದುವಿ ಅಂತ ಗಂಗಾವತಿಗೆ ಹೋದೆ. ಇವತ್ತ ಬಂದು ಬ್ಯಾಟರಿ ಜೋಡಿಸೀನಿ. ಬ್ಯಾರೆ ಏನೂ ಮುಟ್ಟಿಲ್ಲ."

"ಹೋಗುವಾಗ ಗಾಡಿ ಹೆಂಗಿತ್ತು? ಈಗ ಹೆಂಗೈತಿ?"

"ಹಂಗ ಐತಿ. ಒಡಲಿಗೆ ಬೆಳ್ಳಿ ಬಣ್ಣಾ ಹಚ್ಯಾರ, ಅಷ್ಟ."

ಓಬಳೆಪ್ಪ ಒಡಲನ್ನು ಸವರಿದ. ಬಗ್ಗಿ ಕೆಳಗೆ ನೋಡಿದ. ಹೊಟ್ಟೆಯ ಭಾಗವೂ ಕನ್ನಡಿಯಂತೆ ಹೊಳೆಯುತ್ತಿತ್ತು. ಎದ್ದು ರೆಕ್ಕೆ ನೋಡಿದ. ರೆಕ್ಕೆ ಹಾಲಿನಂತೆ ಬೆಳ್ಳಗೆ, ಬರೀ ಬಟ್ಟೆ.

"ಇದನ್ನ ಮಾಡಿದವ್ರು ಯಾರು?"

ಕಿನ್ನಾಳದ ಮಾನಪ್ಪ ಮುಂದೆ ಬಂದ. ಹಂದರ ಕಟ್ಟಿದವನೂ ಅವನೇ. ತನ್ನ ಕೆಲಸ ಜನ ಹೊಗಳುವುದನ್ನು ಕೇಳಲು ಬಂದವನು ಈಗ ಯಾಕಾದರೂ ಬಂದೆನೋ ಎಂಬಂತಿದ್ದ.

"ನಾನರಿ. ಬಣ್ಣಲ್ಲ ಅದು, ಲಾಜವಾರ. ತವರಾನ ಬಡದು ಬಡದು ಉಳ್ಳಾಗಡ್ಡಿ ಸಿಪ್ಪಿಯಂಗ ಮಾಡಿ, ಅಂಟು ಹಚ್ಚಿ ಮೆತ್ತೂದು. ಆಮ್ಯಾಲೆ ಕಲ್ಲಿಲೆ ತಿಕ್ಕೂದು. ಗೊಂಬಿ ಕಿರೀಟಕ್ಕ, ಕೊರಳ ಸರಕ್ಕ ಹಚ್ತೀವಲ್ರಿ, ಅದ."

"ಹಚ್ಚು ಅಂದವ್ರು ಯಾರು? ಸಾವ್ಕಾರ್ರೇನು?"

"ಅಮ್ಮಾರು, ಸಾವ್ಕಾರ್ರ ತಾಯಿ. ಬಿಳೇ ಅರಿವಿ ಹೊದ್ದು ಮಲಗಿದ್ದು ಹೆಣದಂಗ ಕಾಣತೈತಿ, ಮುಚ್ಚಪಾ ಅಂದ್ರು. ಸಾವ್ಕಾರ್ರೂ ನೋಡಿ ಛಲೋ ಆತು ಅಂದ್ರು."

"ಗೊಂಬಿ ಬೆನ್ನಿಗೂ ಹಚ್ತೀಯೇನು?"

ಮಾನಪ್ಪ ನಕ್ಕ. "ಯಾರು ಹಚ್ತಾರ್ರಿ? ಬೆನ್ನು ಗ್ವಾಡಿಗೆ ಇರತೈತಿ, ಯಾರಿಗೆ ಕಾಣಬೇಕು? ಅಮ್ಮಾರಿಗೂ ಅದನ್ನ ಅಂದೆ — ಕೆಳಗ ಬ್ಯಾಡ್ರಿ, ದಂಡ ಅಂತ. ‘ಮ್ಯಾಲೆ ಹೋದಾಗ ಕೆಳಗಿನವ್ರಿಗೆ ಹೊಟ್ಟೀನ ಅಲ್ಲೇನೋ ಕಾಣೂದು?’ ಅಂದ್ರು. ನನಗ ಹೊಳದಿರಲಿಲ್ಲ ನೋಡ್ರಿ. ಬೆರಳಿನ ಸಂದಿ ಬಿಡಬ್ಯಾಡ ಅಂದ್ರು, ಬಿಟ್ಟಿಲ್ಲ."

"ರೆಕ್ಕಿ?"

"ರೆಕ್ಕಿ ಬ್ಯಾಡ ಅಂದ್ರು."

ಓಬಳೆಪ್ಪ ಎಲೆ ಉಗಿದು, ಗಿರಣಿಯ ಹಿತ್ತಿಲ ಬಾಗಿಲಿಗೆ ನಡೆದ. ಅಲ್ಲಿ ಹತ್ತಿಯ ಅಂಡಿಗೆಯ ಮೇಲೆ ವಿರೂಪಾಕ್ಷಮ್ಮ ಕೂತಿದ್ದಳು. ಗಂಡ ತೀರಿದ ಮೇಲೆ ಪರರ ಮುಂದೆ ಬಾರದ ಹೆಂಗಸು. ಕದದ ಸಂದಿನಿಂದ ಹೊಲ ನೋಡುತ್ತಿದ್ದಳು. ಸೆರಗಿನ ತುದಿಯನ್ನು ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡುತ್ತಿದ್ದವು ಕೈಗಳು.

"ಶರಣರಿ ಅಮ್ಮಾರ. ನಾಳೆ ಸಾವ್ಕಾರ್ರು ಹಾರತಾರೇನ್ರಿ?"

"ಹೆಂಗ ಹಾರತಾನ? ಆಣಿ ಮಾಡ್ಯಾನ."

"ರೇಡಿಯೋ ನೆಟ್ಟಗಾದ್ರ?"

"ಆದ್ರ... ಆವಾಗ ನೋಡೂಣು." ಆಕೆ ತಲೆ ಎತ್ತಲಿಲ್ಲ. "ಆ ಹುಡುಗನ್ನ ಬಿಡು ಅಂತ ಹೇಳಪಾ ಅಮೀನಗ. ಅಂವ ಏನೂ ಮಾಡಿಲ್ಲ."

"ಮಾಡಿಲ್ಲಂತ ನಿಮಗ ಹೆಂಗ ಗೊತ್ತರಿ?"

ಓಬಳೆಪ್ಪ ಉತ್ತರಕ್ಕೆ ಕಾಯಲಿಲ್ಲ. ಅಲ್ಲಿಂದಲೇ ಶಬ್ಬೀರನನ್ನು, ಕೊಟ್ರಪ್ಪನವರನ್ನು, ಅಮೀನರನ್ನು ಗಿರಣಿಯೊಳಗೆ ಕರೆದು ಕದ ಮುಂದೆ ಮಾಡಿದ.

"ಶಬ್ಬೀರ, ಈ ತಗಡಿನ ಕೆಳಗ ರೇಡಿಯೋ ಯಾಕ ಮಾತಾಡಲಿಲ್ಲ ಅಂತ ಆವತ್ತು ನಿನ್ನ ಯಾರು ಕೇಳಿದ್ರು?"

"ಸಾವ್ಕಾರ್ರಿಗೆ ಹಾಡು ಕೇಳಿದ್ರ ಸಾಕಾಗಿತ್ತರಿ. ಕೇಳಿದವ್ರು ಅಂದ್ರ... ಅಮ್ಮಾರು. ಒಬ್ಬರ."

"ಏನು ಹೇಳಿದಿ?"

"ಸುತ್ತ ತಗಡು ಇದ್ರ ದನಿ ಒಳಗ ಬರಂಗಿಲ್ಲ, ತಂತಿ ಬಯಲಿಗೆ ಬರಬೇಕು ಅಂತ—" ಶಬ್ಬೀರ ಅಲ್ಲಿಗೇ ನಿಂತ. ಕದ ತಳ್ಳಿ ಹೊರಗೆ ಓಡಿದ. ಒಂದು ಸುರುಳಿ ತಂತಿ ತೆಗೆದು, ಒಳಗಿನದನ್ನು ಬಿಚ್ಚಿ, ವಿಮಾನದ ನೆತ್ತಿಯ ಮೇಲಿಂದ ಬೇವಿನ ಕೊಂಬೆಗೆ ಎಳೆದು ಕಟ್ಟಿದ. ಕುಳಿಯಿಂದ ಆ ಹೆಂಗಸಿನ ಹಾಡು ಮತ್ತೆ ಬಂತು.

ಅಮೀನರ ಬಾಯಿ ತೆರೆದೇ ಇತ್ತು. "ಕ್ಯಾ ಬಾತ್ ಹೈ! ಬಣ್ಣ ಅಂದ್ರಲ್ಲ?"

"ಬಣ್ಣ ಅನಕೊಂಡಿದ್ದಕ್ಕ ಎಲ್ಲಾರೂ ಕೆಟ್ಟರು," ಎಂದ ಓಬಳೆಪ್ಪ. "ತವರ ಅಂದ್ರ ತಗಡಿನ ತಮ್ಮ. ಹೊರಗಿನ ತಂತಿ ಮಾತಾಡತೈತಿ, ಒಳಗಿನ ತಂತಿ ತವರಿನ ಚೀಲದಾಗ ಕೂತು ಉಸಿರು ಕಟ್ಟೈತಿ. ಮಾನಪ್ಪಗ ತಂತಿ ತಿಳೀದು. ಶಬ್ಬೀರಗ ಲಾಜವಾರ ತಿಳೀದು. ಎರಡೂ ತಿಳಿದವ್ರು ಒಬ್ಬರ ಅದಾರ."

"ಅವ್ವಗ ಏನು ಗೊತ್ತರಿ!" ಕೊಟ್ರಪ್ಪ ರೇಗಿದರು. "ಹೆಣದಂಗ ಕಾಣತೈತಿ ಅಂತ ಹಚ್ಚಿಸ್ಯಾಳ. ಹೆಂಗಸರ ಅಂಜಿಕಿ. ಅದು ತಪ್ಪಾಗಿ ಆದದ್ದು."

"ನಾನೂ ಹಂಗ ಅನಕೊಂಡಿದ್ದೆ. ಆದ್ರ ಸಾವ್ಕಾರ್ರ, ಬಿಳೇ ಅರಿವಿಗೆ ಅಂಜಿದವ್ರು ರೆಕ್ಕಿ ಯಾಕ ಬಿಟ್ರು? ಎಲ್ಲಕ್ಕಿಂತ ದೊಡ್ಡ ಬಿಳೇದು ಅದ. ಕೆಳಗ ನಿಂತವ್ರಿಗೆ ಹೊಟ್ಟಿ ಕಾಣತೈತಿ ಖರೆ, ಅದಕ್ಕಿಂತ ಮೊದಲು ರೆಕ್ಕಿ ಕಾಣತೈತಿ. ಗೊಂಬಿ ಮಾಡೂ ಮಂದಿ ಕಾಣೂದಕ್ಕ ಹಚ್ತಾರ, ಬೆನ್ನು ಬಿಡತಾರ. ಇಲ್ಲಿ ಕಾಣೂ ರೆಕ್ಕಿ ಬಿಟ್ಟು, ತಂತಿ ಎಲ್ಲೆಲ್ಲಿ ಐತಿ ಅಲ್ಲಷ್ಟ ಸಂದಿ ಬಿಡದಂಗ ಮೆತ್ತಿಸ್ಯಾರ. ಇದು ಅಂದ ಮಾಡೂ ಕೈ ಅಲ್ಲ. ಬಾಯಿ ಮುಚ್ಚೂ ಕೈ."

ಅಂಡಿಗೆಯ ಕಡೆಯಿಂದ ದನಿ ಬಂತು.

"ಹೌದು."

ಯಾರೂ ಅತ್ತ ತಿರುಗಲಿಲ್ಲ.

"ರೇಡಿಯೋ ಮಾತಾಡಲಿಲ್ಲಂದ್ರ ಆಣಿಗೆ ಬಿದ್ದು ಸುಮ್ಮನಾಗತಾನ ಅನಕೊಂಡೆ," ಎಂದಳು ವಿರೂಪಾಕ್ಷಮ್ಮ. "ಪರರ ಮಗನ್ನ ಹಿಡದು ಕೊಡತಾನ ಅಂತ ಅನಕೊಂಡಿರಲಿಲ್ಲ. ಕೊಟ್ಟ ಮ್ಯಾಲೂ ಬಾಯಿ ಬಿಡಲಿಲ್ಲ ನಾನು. ಒಂದು ತಾಸು ಇಲ್ಲೇ ಕೂತು ನೋಡಿದೆ."

ಕೊಟ್ರಪ್ಪ ಗಿರಣಿಯುದ್ದಕ್ಕೂ ಎರಡು ಸಲ ಅಡ್ಡಾಡಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಜಮಾದಾರ್ರ, ಜನರಿಗೆ ಇಲಿ ಕಡೀತು ಅಂತ ಹೇಳಿಬಿಡೂಣು. ಮನಿ ಮರ್ಯಾದಿ. ಏನಂತೀರಿ?"

"ಹೇಳ್ರಿ. ಆದ್ರ ಜನ ಆ ಇಲಿಗೆ ಶಬ್ಬೀರ ಅಂತ ಹೆಸರಿಡತಾರ."

ಅಷ್ಟರಲ್ಲಿ ಶಬ್ಬೀರ ಒಳಗೆ ಬಂದಿದ್ದ. ಕೊಟ್ರಪ್ಪ ಅವನ ಭುಜದ ಮೇಲೆ ಕೈ ಇಟ್ಟರು. "ಆತಪಾ, ಆದದ್ದು ಆಗಿ ಹೋತು. ಆ ತಂತೀನ ಹೊರಗ ಬಾಲದ ತನಕ ಗಟ್ಟಿ ಮಾಡಿ ಕೊಡು. ಮುಂಜಾನೆ ಹಾರೂಣು."

ಶಬ್ಬೀರ ಆ ಕೈಯ ಕೆಳಗಿಂದ ಮೆಲ್ಲಗೆ ಸರಿದ. ಅಮೀನರು ಹಿಡಿದಿದ್ದ ರಟ್ಟೆ ತಿಕ್ಕಿಕೊಂಡ.

"ಬ್ಯಾರೆ ಮೇಸ್ತ್ರಿನ್ನ ನೋಡ್ಕೋರಿ ಸಾವ್ಕಾರ್ರ."

"ಹೈದರಾಬಾದಿನ ಈಚೆ ಬ್ಯಾರೆ ಮೇಸ್ತ್ರಿ ಎಲ್ಲದಾನಲೇ?"

"ಅಲ್ಲಿಂದ ಕರಸ್ರಿ. ಕಳ್ಳ ಅಂತ ಕೈ ಹಿಡದು ತೋರಿಸಿದ್ರಿ. ಈ ಕೈ ಇನ್ನ ನಿಮ್ಮ ತಂತಿ ಮುಟ್ಟಂಗಿಲ್ಲ."

ಹೊರಗೆ ಹೋಗಿ ಕೊಂಬೆಯಿಂದ ತಂತಿ ಬಿಚ್ಚಿ ಮೊಳಕೈಗೆ ಸುತ್ತತೊಡಗಿದ. ಹಾಡು ನಡುವೆಯೇ ನಿಂತಿತು. ಜನ ಗುಜುಗುಜು ಶುರು ಮಾಡಿದರು. ತಂತಿ ಕದ್ದು ಒಯ್ಯಾಕತ್ಯಾನ ನೋಡು, ಎಂದ ಒಬ್ಬ.

ಆ ಮಾತು ಕದದ ಒಳಗೂ ಕೇಳಿಸಿತು. ವಿರೂಪಾಕ್ಷಮ್ಮ ಎದ್ದಳು. ಸೆರಗನ್ನು ಹಣೆಯ ತನಕ ಎಳೆದುಕೊಂಡಳು.

"ಅವ್ವಾ, ಎಲ್ಲಿಗೆ? ಅವ್ವಾ!"

ಆಕೆ ಮಗನನ್ನು ದಾಟಿ, ಕೂಳೆ ಚುಚ್ಚುವ ಹೊಲದಲ್ಲಿ ಬರಿಗಾಲಲ್ಲಿ ನಡೆದು ಶಬ್ಬೀರನ ಪಕ್ಕಕ್ಕೆ ಬಂದು ನಿಂತಳು. ಜನ ಹಿಂದೆ ಸರಿದು ದಾರಿ ಬಿಟ್ಟರು. ಆ ಮನೆಯ ದೊಡ್ಡ ಹೆಂಗಸನ್ನು ಅನೇಕರು ಅಂದೇ ಮೊದಲು ಕಂಡದ್ದು.

"ಈ ಹುಡುಗ ಏನೂ ಮಾಡಿಲ್ಲ. ತಂತಿ ಅವಂದು, ಒಯ್ತಾನ. ವಿಮಾನದ ಬಾಯಿ ಕಟ್ಟಿಸಿದಾಕಿ ನಾನು. ತವರ ಮೆತ್ತಿಸಿ ಕಟ್ಟಿಸೀನಿ. ಎಲ್ಲಾರೂ ಕೇಳಿದ್ರಿಲ್ಲ? ನಾನು."

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಆಮೇಲೆ ಹಿಂದಿನ ಸಾಲಿನಲ್ಲಿ ಒಬ್ಬ ಕಿಸಕ್ಕೆಂದ. ಅದು ಮುಂದಿನ ಸಾಲಿಗೆ ಬಂತು. ಹೊಲವೆಲ್ಲ ನಗತೊಡಗಿತು. ಗಿರಣಿಯ ಬಾಗಿಲಲ್ಲಿ ಕೊಟ್ರಪ್ಪ ಮುಖಕ್ಕೆ ಕೈ ಅಡ್ಡ ಹಿಡಿದು ನಿಂತಿದ್ದರು.

"ನಗ್ರಿ," ಎಂದಳು ವಿರೂಪಾಕ್ಷಮ್ಮ. "ನಗ್ರಿ ಯಪ್ಪಾ. ನನ್ನ ಮಗ ನೆಲದ ಮ್ಯಾಲೆ ಅದಾನ."