ನಗೋಯಾದ ಆರನೆಯ ಕ್ಯಾಸೆಟ್

"ಹಾಡುಗಳೆಲ್ಲ ಹಾಗೇ ಇವೆ ರಜನಿ, ನಮ್ಮವರ ಮಾತನ್ನ ಮಾತ್ರ ಯಾರೋ ಅಳಿಸಿದ್ದಾರೆ," ಎಂದು ಚಂಪಾ ಫೋನಿನಲ್ಲಿ ಅಳುತ್ತಿದ್ದಳು. 2003ರ ಜೂನ್ ತಿಂಗಳು, ಶನಿವಾರ. ರಜನಿ ತನ್ನ ಔಷಧಿ ಅಂಗಡಿಯ ಪಾಳಿ ಮುಗಿಸಿ, ವರಲಕ್ಷ್ಮಿಯವರನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟಳು. ಮೈಸೂರಿನ ರೇಡಿಯೋದಲ್ಲಿ ಇಪ್ಪತ್ತೈದು ವರ್ಷ ಧ್ವನಿಮುದ್ರಣ ಮಾಡಿದ್ದ ಆಕೆ ಈಗ ಹಡರ್ಸ್‌ಫೀಲ್ಡಿನಲ್ಲಿ ಮಗಳ ಮನೆಯಲ್ಲಿದ್ದರು. ಊರಿನ ಕನ್ನಡಿಗರ ಮನೆಗಳಲ್ಲಿ ಆಗಿದ್ದ ಎರಡು ಕಳವುಗಳನ್ನು ಆಗಲೇ ಪತ್ತೆ ಮಾಡಿದ್ದರು. ಎರಡು ಸಲವೂ ರಜನಿ ಜೊತೆಗಿದ್ದಳು, ಎರಡು ಸಲವೂ ಅವಳ ಊಹೆ ತಪ್ಪಾಗಿತ್ತು.

ಚಂಪಾಳ ಗಂಡ ಬಸಪ್ಪ ತೀರಿಕೊಂಡು ಒಂದು ವರ್ಷವಾಗಿತ್ತು. ಮದುವೆಗೆ ಮುಂಚೆ, 1984ರಲ್ಲಿ, ಆತ ತರಬೇತಿಗೆಂದು ಜಪಾನಿನ ನಗೋಯಾದಲ್ಲಿದ್ದ. ಪ್ರತಿ ಭಾನುವಾರ ಅಲ್ಲಿನ ರೇಡಿಯೋದಲ್ಲಿ ಬರುತ್ತಿದ್ದ ವಾರದ ಜನಪ್ರಿಯ ಹಾಡುಗಳನ್ನು ರೆಕಾರ್ಡ್ ಮಾಡಿ, ನಡುನಡುವೆ ಕನ್ನಡದಲ್ಲಿ ತಾನೇ ನಿರೂಪಕನಂತೆ ಮಾತಾಡಿದ್ದ. ಒಟ್ಟು ಏಳು ಕ್ಯಾಸೆಟ್. ಆರನೆಯದನ್ನು ಮಾತ್ರ ಅವನು ಎಂದೂ ಪೂರ್ತಿ ಕೇಳಿಸುತ್ತಿರಲಿಲ್ಲ. ಅವನು ಹೋದ ಮೇಲೆ ಆ ಡಬ್ಬಿ ತೆರೆಯಲು ಚಂಪಾಳಿಗೆ ಧೈರ್ಯವಾಗಿರಲಿಲ್ಲ.

ಅವರು ಚಂಪಾಳ ಮನೆ ತಲುಪಿದಾಗ, ಲಫ್‌ಬರೋ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಪರಿಚಿತರ ಮಗ ಮಿಥುನ್ ಸೋಫಾದ ಅಂಚಿನಲ್ಲಿ ಕೂತಿದ್ದ. "ನಮ್ಮ ಸ್ಟೂಡೆಂಟ್ ರೇಡಿಯೋಗೆ ಎಂಬತ್ತರ ದಶಕದ ಜಪಾನಿ ಹಾಡುಗಳ ಪ್ರೋಗ್ರಾಂ ಮಾಡ್ತಿದೀನಿ ಆಂಟಿ. ಹೋದ ಶನಿವಾರ ಬಂದು ನೋಡಿದಾಗ ಅಂಕಲ್ ಮಾತಿತ್ತು. ಸರಿಯಾಗಿ ಕೇಳೋಕೆ ಟೈಮ್ ಇರ್ಲಿಲ್ಲ. ಅದನ್ನೂ ಸೇರಿಸಿ ಹಾಕ್ತೀನಿ ಅಂತ ಎಲ್ಲರ ಮುಂದೆ ಹೇಳಿ ಹೋದೆ. ಇವತ್ತು ಕಾಪಿ ಮಾಡೋಕೆ ಬಂದ್ರೆ ಆರನೇ ಕ್ಯಾಸೆಟ್ಟಲ್ಲಿ ಏಳು ನಿಮಿಷ ಖಾಲಿ!"

ವರಲಕ್ಷ್ಮಿ ಕ್ಯಾಸೆಟ್ಟನ್ನು ತಿರುವಿ ನೋಡಿದರು. ಯಾರೂ ಅಳಿಸಬಾರದೆಂದು ಬಸಪ್ಪ ಹಿಂಬದಿಯ ಪ್ಲಾಸ್ಟಿಕ್ ಚಕ್ಕೆಗಳನ್ನು ಮುರಿದಿದ್ದ; ಮತ್ತೆ ರೆಕಾರ್ಡ್ ಆಗುವಂತೆ ಆ ತೂತುಗಳ ಮೇಲೆ ಯಾರೋ ಬಿಳಿ ಪಟ್ಟಿ ಅಂಟಿಸಿದ್ದರು.

"ಗಾಯಕ್ಕೆ ಹಾಕುವ ಪ್ಲಾಸ್ಟರ್," ಎಂದಳು ರಜನಿ. ಬಸಪ್ಪನ ತಮ್ಮ ಶ್ರೀಕಾಂತ್ ಡಾಕ್ಟರ್. ಮಂಗಳವಾರ ರಾತ್ರಿ ಎಂಟಕ್ಕೆ ಬಂದವನು, "ಆ ಟೇಪು ಊರಿಗೆಲ್ಲ ಕೇಳಸೂದು ಬ್ಯಾಡ ವೈನಿ," ಎಂದು ಸಿಡುಕಿದ್ದನಂತೆ. ರಜನಿಗೆ ಅನುಮಾನವೇ ಉಳಿಯಲಿಲ್ಲ.

ವರಲಕ್ಷ್ಮಿ ಹೆಡ್‌ಫೋನ್ ಹಾಕಿ ಆ ಖಾಲಿ ಏಳು ನಿಮಿಷವನ್ನು ಮೂರು ಸಲ ಕೇಳಿದರು. "ಈ ಬೀದಿಗೆ ಐಸ್‌ಕ್ರೀಮ್ ವ್ಯಾನ್ ಬರುತ್ತಾ?"

"ಶಾಲೆ ಇರೋ ದಿನ ನಾಲ್ಕು ಗಂಟೆಗೆ. ನಾನು ಆಸ್ಪತ್ರೆ ಡ್ಯೂಟಿ ಮುಗಿಸಿ ಬರೋದು ಆರಕ್ಕೆ," ಎಂದಳು ಚಂಪಾ.

ಮೇಜಿನ ಮೇಲೆ ಬಾಗಲಕೋಟೆಗೆ ಕಳಿಸಲು ಇಟ್ಟಿದ್ದ ಇನ್ನೊಂದು ಕ್ಯಾಸೆಟ್ ಇತ್ತು. ಚಂಪಾಳ ಜೊತೆಗೇ ಇದ್ದ ಅತ್ತೆ ಗಂಗವ್ವ ಬರೆಯಲು ಬಾರದವರು. ಅಲ್ಲಿದ್ದ ಮಗಳಿಗೆ ಕಾಗದದ ಬದಲು ಹಳೆಯ ಕ್ಯಾಸೆಟ್ಟಿನ ಮೇಲೆ ಮಾತಾಡಿ ಕಳಿಸುತ್ತಿದ್ದರು. ವರಲಕ್ಷ್ಮಿ ಅದನ್ನೂ ಎತ್ತಿ, ತಿರುವಿ ನೋಡಿ ಕೆಳಗಿಟ್ಟರು.

ಭಾನುವಾರ ಮಧ್ಯಾಹ್ನ ಎಲ್ಲರೂ ಸೇರಿದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

"ಹಾಡು ಬೇಕಿದ್ದವರು ಕ್ಯಾಸೆಟ್ಟನ್ನೇ ಒಯ್ಯುತ್ತಿದ್ದರು," ವರಲಕ್ಷ್ಮಿ ಶುರುಮಾಡಿದರು. "ಇಲ್ಲಿ ಹೋಗಿರುವುದು ಕನ್ನಡದ ಮಾತು ಮಾತ್ರ. ಅಂದರೆ ಆ ಮಾತು ಅರ್ಥವಾಗಿ, ಅದಕ್ಕೆ ಹೆದರಿದವರ ಕೆಲಸ. ಈ ಮನೆಯ ಟೇಪ್ ರೆಕಾರ್ಡರಿನೊಳಗೇ ಮೈಕ್ ಇದೆ. ಕೆಂಪು ಗುಂಡಿ ಒತ್ತಿ ಸುಮ್ಮನೆ ಕೂತರೂ ಕೋಣೆಯ ಸದ್ದು ಅಚ್ಚಾಗುತ್ತದೆ. ಆ ಖಾಲಿಯಲ್ಲಿ ಸಣ್ಣಗೆ ಐಸ್‌ಕ್ರೀಮ್ ವ್ಯಾನಿನ ಸಂಗೀತ ಕೇಳಿಸುತ್ತದೆ. ಅಂದರೆ ವಾರದ ದಿನ, ನಾಲ್ಕು ಗಂಟೆ. ಮಿಥುನ್ ಬಂದದ್ದು ಎರಡು ಶನಿವಾರ. ಡಾಕ್ಟರ್ ಬಂದದ್ದು ರಾತ್ರಿ ಎಂಟಕ್ಕೆ. ಚಂಪಾ ಡ್ಯೂಟಿಯಲ್ಲಿ. ಇನ್ನು ಪ್ಲಾಸ್ಟರ್. ಬಾಗಲಕೋಟೆಯ ಕ್ಯಾಸೆಟ್ಟಿನ ತೂತುಗಳಿಗೂ ಅದೇ ಪಟ್ಟಿ ಇದೆ."

ರಜನಿ ತಲೆ ತಗ್ಗಿಸಿದಳು. ಗಂಗವ್ವ ಸೆರಗಿನಿಂದ ಬಾಯಿ ಒತ್ತಿಕೊಂಡರು.

"ಹೌದ್ರಿ, ನಾನs ಅಳಿಸೀನಿ. ಅಲ್ಲೆ ಯೂಕೋ ಅನ್ನೂ ಹುಡಿಗಿ ಮ್ಯಾಲೆ ಅವಂಗ ಜೀವ ಇತ್ತಂತ. ಚಂಪಾನ ಫೋಟೋ ಕಳಿಸಿ, ಇಕಿನ್ನ ಮಾಡಿಕೊಳ್ಳಲಿಲ್ಲಂದ್ರ ನನ್ನ ಹೆಣಾ ನೋಡತಿ ಅಂತ ಕಾಗದಾ ಬರಸಿದ್ದೆ. ಅದನ್ನ ಓದಿ ಆ ಟೇಪಿನ್ಯಾಗ ಅತ್ತಾನ. ಊರ ಮಂದಿ ಮುಂದ ಇದನ್ನ ಹಾಕಿದ್ರ ಈಕಿ ಹೆಂಗ ತಾಳಾಕಿ?"

ಶ್ರೀಕಾಂತ್ ಮೆಲ್ಲಗೆ ಹೇಳಿದ. "ಯೂಕೋ ಸುದ್ದಿ ಅಣ್ಣ ನನಗೂ ಹೇಳಿದ್ದ. ಅದಕ್ಕs ನಾ ಬ್ಯಾಡ ಅಂದೆ."

ಚಂಪಾ ಎದ್ದು ಬಂದು ಅತ್ತೆಯ ಮುಂದೆ ನೆಲದ ಮೇಲೆ ಕೂತಳು. "ಅತ್ತಿ, ಯೂಕೋ ಸುದ್ದಿ ಅವರು ಮದುವಿಕಿಂತ ಮೊದಲs ನನಗ ಹೇಳಿದ್ರು. ನನಗ ಗೊತ್ತಿಲ್ಲದ್ದು ಅದಲ್ಲ. ಆ ಏಳು ನಿಮಿಷದ ಧ್ವನಿ ನಾ ಕೇಳೇ ಇಲ್ಲ. ಈಗ ಅದನ್ನ ಕೇಳಿದವರು ನೀವೊಬ್ಬರs. ಏನಂದ್ರು, ಎಲ್ಲಾ ಹೇಳ್ರಿ."

ಗಂಗವ್ವ ಬಾಯಿಂದ ಸೆರಗು ತೆಗೆದರು.

"ಮೂರು ಸಲ ಅವ್ವಾ ಅಂದ. ಆಮ್ಯಾಲೆ ಅಳು. ಕಡೀಕ ಫೋಟೋ ನೋಡಕೋತ ಅಂದ, ಈ ಹುಡಿಗೀನೂ ಅಂಜ್ಯಾಳ, ಇಕೀದೇನು ತಪ್ಪು, ಇಕಿನ್ನ ನಾ ಅಳಸಬಾರದು ಅಂತ."

ಚಂಪಾ ಅತ್ತೆಯ ಮಡಿಲಿನಲ್ಲಿ ಮುಖವಿಟ್ಟಳು. "ಇನ್ನೊಮ್ಮೆ ಹೇಳ್ರಿ ಅತ್ತಿ," ಎಂದಳು.