ಹದಿಮೂರು ಹದಿನಾಲ್ಕಾದ ಶನಿವಾರ

೨೦೨೪ರ ನವೆಂಬರ್ ೨೫, ಸೋಮವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ರಾಹೆ ಎಂಬ ಊರಿನ ಪೊಲೀಸ್ ಠಾಣೆಯ ಕೌಂಟರಿನ ಮುಂದೆ ಮರ್ಕೆತ್ತಾ ಹೌತಲ ಎಂಬ ಅರವತ್ತಾರು ವರ್ಷದ ಹೆಂಗಸು ಬಂದು ನಿಂತಳು. ಕೋಟಿನ ಮೇಲೆ ಬಿದ್ದ ಹಿಮವನ್ನು ಕೊಡವಿಕೊಳ್ಳುವ ಗೋಜಿಗೂ ಹೋಗಿರಲಿಲ್ಲ. ಕೈಯಲ್ಲಿ ನೀಲಿ ರಟ್ಟಿನ ಒಂದು ಸಣ್ಣ ನೋಟ್‌ಬುಕ್ ಇತ್ತು.

"ನನ್ನ ಮಗಳು ಅವಳದೇ ತಪ್ಪಿಂದ ಸತ್ತಳು ಅಂತ ಬರೆದಿದ್ದೀರಲ್ಲ, ಬರೆದ ಪುಣ್ಯಾತ್ಮ ಯಾರು? ಕರೀರಿ ಅವನನ್ನ" ಎಂದಳು.

ಬರೆದ ಪುಣ್ಯಾತ್ಮ ಹೆಡ್ ಕಾನ್‌ಸ್ಟೆಬಲ್ ಓಲವಿ ಕೆರಾನೆನ್, ಕೌಂಟರಿನ ಹಿಂದೆಯೇ ಕೂತು ಕಾಫಿ ಕುಡಿಯುತ್ತಿದ್ದ. ಐವತ್ತೆಂಟು ವರ್ಷ, ಮೂವತ್ತೆರಡು ವರ್ಷದ ಸರ್ವೀಸು. ಕಪ್ಪು ಕೆಳಗಿಟ್ಟು, ಒಳಗೆ ಹೋಗಿ ಇನ್ಸ್‌ಪೆಕ್ಟರ್ ಹನ್ನೆಲೆ ರೂತ್ಸಲಳನ್ನು ಕರೆದುಕೊಂಡು ಬಂದ. ಮೂವತ್ತೆರಡು ವರ್ಷದಲ್ಲಿ ಅಷ್ಟು ಬುದ್ಧಿ ಕಲಿತಿದ್ದ.

ಕಡತದಲ್ಲಿದ್ದದ್ದು ಇಷ್ಟು. ಸೈಯಾ ಕಲ್ಲುಂಕಿ, ಮೂವತ್ತನಾಲ್ಕು ವರ್ಷ, ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಏಳನೇ ವಯಸ್ಸಿನಿಂದ ಸಕ್ಕರೆ ಕಾಯಿಲೆ. ತೋಳಿಗೆ ಅಂಟಿಸಿಕೊಂಡ ಸೆನ್ಸರ್ ಐದೈದು ನಿಮಿಷಕ್ಕೊಮ್ಮೆ ರಕ್ತದ ಸಕ್ಕರೆಯನ್ನು ಅಳೆದು ಫೋನಿಗೆ ಕಳಿಸುತ್ತಿತ್ತು. ಪ್ರಾಣಕ್ಕೆ ಅಪಾಯವಾಗುವಷ್ಟು ಸಕ್ಕರೆ ಇಳಿದರೆ ಫೋನು ಕಿರುಚುತ್ತಿತ್ತು. ನವೆಂಬರ್ ೧೭, ಭಾನುವಾರ ಬೆಳಿಗ್ಗೆ ಏಳು ಐವತ್ತಕ್ಕೆ ಗಂಡ ಯಾರ್ನೊ ತುರ್ತು ಸೇವೆಗೆ ಕರೆ ಮಾಡಿದಾಗ ಅವಳ ಮೈ ತಣ್ಣಗಾಗಿ ಗಂಟೆಗಳೇ ಕಳೆದಿದ್ದವು. ಆ ರಾತ್ರಿ ಸಕ್ಕರೆ ತೀರಾ ಇಳಿದರೂ ಫೋನು ಕಿರುಚಿರಲಿಲ್ಲ. ಕಾರಣವನ್ನು ಆಸ್ಪತ್ರೆಯ ನರ್ಸ್ ಹೇಳಿದ್ದಳು: ಸೆನ್ಸರಿನ ಆ್ಯಪ್ ಫೋನಿನ ಆಂಡ್ರಾಯ್ಡ್ ತಂತ್ರಾಂಶದ ಹದಿಮೂರನೇ ವರ್ಷನ್‌ವರೆಗೆ ಮಾತ್ರ ಸರಿಯಾಗಿ ನಡೆಯುತ್ತದೆ, ಹದಿನಾಲ್ಕಕ್ಕೆ ಹೋಗಬೇಡಿ ಎಂದು ಕಂಪನಿ ಪತ್ರ ಬರೆದು ತಿಳಿಸಿತ್ತು. ಸತ್ತವಳ ಫೋನಿನಲ್ಲಿ ಹದಿನಾಲ್ಕು ಇತ್ತು. ಕೆರಾನೆನ್ ವರದಿಯ ಕೊನೆಗೆ, "ಮೃತಳು ಎಚ್ಚರಿಕೆಯನ್ನು ಕಡೆಗಣಿಸಿ ತಾನೇ ಅಪ್‌ಡೇಟ್ ಮಾಡಿಕೊಂಡಿದ್ದಾಳೆ" ಎಂದು ಬರೆದು ರುಜು ಹಾಕಿದ್ದ.

ಮರ್ಕೆತ್ತಾ ನೋಟ್‌ಬುಕ್ ಬಿಚ್ಚಿ ಮೇಜಿನ ಮೇಲೆ ತಳ್ಳಿದಳು.

"ಓದಿ."

ಸೈಯಾಳ ಕೈಬರಹ, ಪ್ರತಿ ಶನಿವಾರಕ್ಕೂ ಒಂದೊಂದು ಸಾಲು. ಸೆನ್ಸರ್ ಬದಲಿಸಿದ ದಿನ, ಉಳಿದ ಇನ್ಸುಲಿನ್, ಅದರ ಪಕ್ಕದಲ್ಲಿ ಒಂದು ಅಂಕಿ. ೧೩. ೧೩. ೧೩. ಪುಟಗಟ್ಟಲೆ ಹದಿಮೂರು. ಕೊನೆಯ ಸಾಲು ನವೆಂಬರ್ ೧೬, ಬೆಳಿಗ್ಗೆ ೯. ಅಲ್ಲೂ ೧೩.

"ಸೈಯಾ ಪ್ರತಿ ವಾರ ಫೋನಿನ ವರ್ಷನ್ ನೋಡ್ತಿದ್ರಾ?" ಹನ್ನೆಲೆ ಕೇಳಿದಳು.

"ತಪ್ಪಿಸ್ತಾ ಇರಲಿಲ್ಲ. ಎರಡು ವರ್ಷದ ಹಿಂದೆ ಫೋನು ತಾನಾಗೇ ಬದಲಾಗಿ, ಅಲಾರಂ ಸತ್ತು, ಶಾಲೆ ಅಡುಗೆಮನೇಲಿ ಬಿದ್ದಿದ್ಲು. ಆವತ್ತಿಂದ ತಾನಾಗೇ ಆಗೋದನ್ನ ಬಂದ್ ಮಾಡಿಸಿದ್ಲು. ತಿಂಗಳುಗಟ್ಟಲೆ ಆ ಫೋನು ಅಪ್‌ಡೇಟ್ ಮಾಡು, ಮಾಡು ಅಂತ ಪ್ರಾಣ ತಿಂತಿತ್ತು. ಬೇಡ ಅಂತ ಒತ್ತುತ್ತಾನೇ ಇದ್ಲು. ಅಂಥೋಳು ಒಂದು ಸಂಜೆ ಸುಮ್ನೆ ಹೂಂ ಅಂದುಬಿಟ್ಲಾ? ನಿಮಗೆ ನಾಚಿಕೆ ಆಗಬೇಕು."

ಕೆರಾನೆನ್ ನೆಲ ನೋಡಿದ. ನಾಚಿಕೆ ಆಗಿತ್ತು.

"ಗೋರಿ ಮೇಲೆ ಕಲ್ಲು ಹಾಕಿಸೋದಕ್ಕೆ ಮುಂಚೆ ನಂಗೆ ಇದು ಗೊತ್ತಾಗಬೇಕು. ಅವಳೇ ಮಾಡಿಕೊಂಡಳಾ, ಇಲ್ವಾ? ಅಷ್ಟೇ" ಎಂದಳು ಮರ್ಕೆತ್ತಾ. ಹನ್ನೆಲೆ ದೂರು ಬರೆದುಕೊಂಡಳು. ಹನ್ನೊಂದು ಐದಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿಯ ಜಾಗದಲ್ಲಿ "ಗೊತ್ತಿಲ್ಲ" ಎಂದಿತ್ತು.

ಫೋನು ಠಾಣೆಯ ಕಪಾಟಿನಲ್ಲೇ ಇತ್ತು, ಮೊಹರು ಹಾಕಿದ ಚೀಲದಲ್ಲಿ. ಅದನ್ನು ತೆಗೆಯಲು ಪಿನ್ ಬೇಕು. ಗಂಡ ಮೊದಲ ದಿನವೇ "ಅವಳ ಪಿನ್ ನಂಗೆ ಗೊತ್ತಿಲ್ಲ" ಎಂದು ಹೇಳಿಕೆ ಕೊಟ್ಟಿದ್ದ. ಸಾವಿನ ದಿನ ಆಸ್ಪತ್ರೆಯವರು ಸೆನ್ಸರ್ ಕಂಪನಿಯ ದಾಖಲೆಯಿಂದಲೇ ಹದಿನಾಲ್ಕು ಎಂದು ಕಂಡುಕೊಂಡಿದ್ದರು. ಫೋನನ್ನು ಯಾರೂ ತೆರೆದಿರಲಿಲ್ಲ.

"ಗೊತ್ತಿಲ್ವಂತಾ?" ಮರ್ಕೆತ್ತಾ ಹುಬ್ಬೇರಿಸಿದಳು. "ಆ ಪಿನ್ನನ್ನ ನಂಗೆ ಹೇಳಿಕೊಟ್ಟಿದ್ದೇ ಯಾರ್ನೊ. ಏನಾದ್ರೂ ಆದ್ರೆ ಇರಲಿ ಅತ್ತೆ ಅಂತ."

ಹನ್ನೆಲೆ ಅವಳಿಂದ ಪಿನ್ ಕೇಳಿಕೊಂಡು, ಆ ಮಾತನ್ನೂ ಗುರುತು ಹಾಕಿಕೊಂಡಳು.

ಹನ್ನೊಂದು ನಲವತ್ತಕ್ಕೆ ಠಾಣೆಯ ಗುಮಾಸ್ತೆ ಮತ್ತು ಪಕ್ಕದ ಅಂಚೆ ಅಂಗಡಿಯವನ ಸಮ್ಮುಖದಲ್ಲಿ ಪಂಚನಾಮೆ. ಹನ್ನೆಲೆ ಕೈಗವಸು ಹಾಕಿಕೊಂಡು ಪಿನ್ ಒತ್ತಿದಳು.

"ಈಗೇನು?" ಕೆರಾನೆನ್ ಭುಜದ ಮೇಲಿಂದ ಇಣುಕಿದ.

"ಸೆಟ್ಟಿಂಗ್ಸ್. ತೀರಾ ಕೆಳಗೆ ಹೋಗಬೇಕು. ‘ಫೋನಿನ ಬಗ್ಗೆ’ ಅಂತ ಇದೆಯಲ್ಲ, ಅದು. ಅದರೊಳಗೆ ಆಂಡ್ರಾಯ್ಡ್ ವರ್ಷನ್."

"ಇಷ್ಟೇನಾ?"

"ಇಷ್ಟೇ. ಅರ್ಧ ನಿಮಿಷದ ಕೆಲಸ. ಆಸ್ಪತ್ರೆಯ ಮಾತು ನಂಬಿ ರುಜು ಹಾಕೋ ಬದಲು ತಾಯಿ ಹತ್ರ ಪಿನ್ ಕೇಳಿ ನೀನು ನೋಡಬಹುದಿತ್ತು."

"ನನ್ನ ಫೋನಿಗೆ ವರ್ಷನ್ ಇಲ್ಲ ಮೇಡಂ. ಗುಂಡಿ ಇದೆ" ಎಂದ ಕೆರಾನೆನ್, ಸೋತ ದನಿಯಲ್ಲಿ. ಯಾರೂ ನಗಲಿಲ್ಲ.

ಪರದೆಯ ಮೇಲೆ ೧೪ ಎಂದಿತ್ತು. ಅದರ ಕೆಳಗೆ ಅಪ್‌ಡೇಟ್ ಆದ ದಿನ: ನವೆಂಬರ್ ೧೬. ಬೆಳಿಗ್ಗೆ ಒಂಬತ್ತಕ್ಕೆ ಹದಿಮೂರು ಎಂದು ಬರೆದವಳ ಫೋನು ಅದೇ ದಿನ ಹದಿನಾಲ್ಕಾಗಿತ್ತು. ಎಷ್ಟು ಗಂಟೆಗೆ ಎಂಬುದು ಪರದೆಯಲ್ಲಿರಲಿಲ್ಲ. ಫೋನನ್ನು ಮತ್ತೆ ಮೊಹರು ಮಾಡಿ ಔಲು ನಗರದ ಪ್ರಯೋಗಾಲಯಕ್ಕೆ ಕಳಿಸಿದರು.

ನವೆಂಬರ್ ೨೭, ಬುಧವಾರ, ಮಧ್ಯಾಹ್ನ ಒಂದೂವರೆಗೆ ವರದಿ ಬಂತು. ಹನ್ನೆಲೆ ಅದನ್ನು ಗಟ್ಟಿಯಾಗಿ ಓದಿದಳು, ಕೆರಾನೆನ್ ಬಿಳಿ ಹಲಗೆಯ ಮೇಲೆ ಬರೆದ.

ಸಂಜೆ ೬.೦೨: ಸೆನ್ಸರಿನಿಂದ ಫೋನಿಗೆ ಬರುವ ಅಳತೆ ನಿಂತಿದೆ.
೬.೦೯: ‘ಈಗಲೇ ಅಳವಡಿಸು’ ಎಂಬುದನ್ನು ಒತ್ತಲಾಗಿದೆ.
೬.೨೭: ಫೋನು ಆರಿ ಹೊತ್ತಿದೆ.
೬.೩೧: ಪಿನ್ ಹಾಕಿ ತೆರೆಯಲಾಗಿದೆ.
೬.೫೪: ಸೆನ್ಸರಿನ ಅಳತೆ ಮತ್ತೆ ಶುರು.

ಕೆರಾನೆನ್ ಸೀಮೆಸುಣ್ಣ ಹಿಡಿದವನಂತೆ ಪೆನ್ನು ಹಿಡಿದು ನಿಂತ. "ಅಳತೆ ಯಾಕೆ ನಿಂತಿತು? ಕೆಟ್ಟಿತ್ತಾ?"

"ಆರೇಳು ಮೀಟರ್ ದೂರ ಹೋದರೆ ಸೆನ್ಸರಿನ ಮಾತು ಫೋನಿಗೆ ಮುಟ್ಟಲ್ಲ. ಆರು ಗಂಟೆಯಿಂದ ಸುಮಾರು ಏಳರವರೆಗೆ ಸೈಯಾ ಒಂದು ಕಡೆ, ಫೋನು ಇನ್ನೊಂದು ಕಡೆ. ಶನಿವಾರ ಸಂಜೆ ಆರು ಗಂಟೆ, ಓಲವಿ. ಯೋಚನೆ ಮಾಡು."

ಅವನಿಗೆ ಯೋಚನೆ ಮಾಡಬೇಕಾಗಲಿಲ್ಲ. "ಸೌನಾ!" ಎಂದ. ಶನಿವಾರ ಸಂಜೆ ಊರಿಗೆ ಊರೇ ಹಬೆಸ್ನಾನದ ಕೋಣೆಯಲ್ಲಿರುತ್ತದೆ. ಸೌನಾದ ಬಿಸಿ ಹಬೆಯೊಳಗೆ ಫೋನು ಒಯ್ಯುವಷ್ಟು ತಲೆಕೆಟ್ಟವರು ಊರಿನಲ್ಲಿ ಯಾರಿದ್ದಾರೆ? ಬಟ್ಟೆಯ ಜೊತೆ ಅದನ್ನೂ ಮನೆಯಲ್ಲೇ ಬಿಟ್ಟು ಹೋಗುತ್ತಾರೆ.

ಗಂಡನ ಹೇಳಿಕೆಯಲ್ಲೂ ಸೌನಾ ಇತ್ತು: "ಶನಿವಾರ ಆರರಿಂದ ಏಳು ನಮ್ಮ ಸರದಿ. ಇಬ್ಬರೂ ಹೋಗಿದ್ದೆವು, ಯಾವಾಗಲೂ ಹಾಗೇ." ಇಬ್ಬರೂ ಕೆಳಗೆ ನೆಲಮಾಳಿಗೆಯ ಸೌನಾದಲ್ಲಿದ್ದರೆ ಮೂರನೇ ಮಹಡಿಯ ಮನೆಯಲ್ಲಿ ಪಿನ್ ಒತ್ತಿದವರು ಯಾರು?

ಮೂರು ಗಂಟೆಗೆ, ಹೊರಗೆ ಚಳಿಗಾಲದ ಕತ್ತಲು ಆಗಲೇ ಇಳಿಯುವ ಹೊತ್ತಿಗೆ, ಇಬ್ಬರೂ ಕಲ್ಲುಂಕಿ ದಂಪತಿ ವಾಸವಿದ್ದ ಕಟ್ಟಡದ ನೆಲಮಾಳಿಗೆಗೆ ಹೋದರು. ಸೌನಾದ ಬಾಗಿಲಿಗೆ ಸರದಿಯ ಪಟ್ಟಿ ಅಂಟಿಸಿತ್ತು. ಶನಿವಾರ ಆರರಿಂದ ಏಳು ಕಲ್ಲುಂಕಿ. ಏಳರಿಂದ ಎಂಟು ಲೆಂಪಿ ಸೋರ್ಮುನೆನ್, ಮೊದಲ ಮಹಡಿ. ಇಬ್ಬರೂ ಅಲ್ಲಿಗೆ ಹತ್ತಿದರು. ಎಂಬತ್ತೊಂದು ವರ್ಷದ ಲೆಂಪಿ ಅಜ್ಜಿ ಮನೆಯ ಬಾಗಿಲು ತೆರೆದವಳೇ ಕೆರಾನೆನ್‌ನ ಬೂಟು ನೋಡಿದಳು.

"ಬಿಚ್ಚಿ ಬನ್ನಿ. ಪೊಲೀಸರಾದ್ರೆ ನನ್ನ ಕಂಬಳಿ ಹಾಳು ಮಾಡಬಹುದು ಅಂತೇನಿಲ್ಲ."

ಇಬ್ಬರೂ ಬಿಚ್ಚಿದರು. ಕೆರಾನೆನ್‌ನ ಕಾಲುಚೀಲದಲ್ಲಿ ತೂತಿತ್ತು.

"ಹದಿನಾರನೇ ತಾರೀಕು ಶನಿವಾರ ಸೌನಾಕ್ಕೆ ಎಷ್ಟು ಹೊತ್ತಿಗೆ ಇಳಿದ್ರಿ?"

"ಏಳಕ್ಕೆ ಹತ್ತು ನಿಮಿಷ ಇರೋವಾಗ. ನನ್ನ ಸರದಿಯಲ್ಲಿ ಒಬ್ಬರು ಒಂದು ನಿಮಿಷ ಹೆಚ್ಚು ಕೂತರೂ ಬಾಗಿಲು ಬಡೀತೀನಿ."

"ಯಾರಿದ್ರು?"

"ಸೈಯಾ. ಒಬ್ಬಳೇ."

"ಗಂಡ?"

"ಇರಲಿಲ್ಲ. ಮಣೆ ಮೇಲೆ ಹಾಸಿಕೊಂಡು ಕೂರೋ ಬಟ್ಟೆ ಎರಡು ತಂದಿದ್ಲು. ಒಂದೇ ಒದ್ದೆ. ಇನ್ನೊಂದು ಮಡಿಕೆ ಬಿಚ್ಚಿರಲಿಲ್ಲ. ಎಲ್ಲೇ ನಿನ್ನ ಯಜಮಾನ ಅಂದೆ. ಸೋಫಾ ಮೇಲೆ ನಿದ್ದೆ ಹೋಗಿದಾನೆ ಅಜ್ಜಿ, ಪಾಪ, ತುಂಬಾ ದಣಿದಿದಾನೆ, ಎಬ್ಬಿಸಲಿಲ್ಲ, ಎಚ್ಚರ ಆದ್ರೆ ಬರ್ತಾನೆ ಅಂತ ಅವನ ಬಟ್ಟೆನೂ ತಂದೆ ಅಂದ್ಲು."

ಹನ್ನೆಲೆ ಆ ಮಾತನ್ನು ಹಾಗೇ ಬರೆದುಕೊಂಡು, ಓದಿ ಹೇಳಿ, ಅಜ್ಜಿಯ ರುಜು ಪಡೆದಳು.

ನವೆಂಬರ್ ೨೮, ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಯಾರ್ನೊ ಕಲ್ಲುಂಕಿಯನ್ನು ಠಾಣೆಗೆ ಕರೆಸಿದರು. ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸುವವನು, ಮೂವತ್ತೆಂಟು ವರ್ಷ, ಭಾರೀ ಆಳು. ಕಣ್ಣಿನ ಕೆಳಗೆ ಚರ್ಮ ಕಪ್ಪಾಗಿ ಜೋತುಬಿದ್ದಿತ್ತು. ವಕೀಲರು ಬೇಕೇ ಎಂದು ಕೇಳಿದರು, ಬೇಡ ಎಂದ. ಕೆರಾನೆನ್ ಕಾಫಿ ಇಟ್ಟ. ಅವನು ಮುಟ್ಟಲಿಲ್ಲ.

"ಸೈಯಾ ಫೋನಿನಲ್ಲಿ ಯಾವ ವರ್ಷನ್ ಇತ್ತು?"

"ಹದಿನಾಲ್ಕು ಅಂತ ನೀವೇ ಹೇಳಿದ್ರಲ್ಲ."

"ಶನಿವಾರ ಬೆಳಿಗ್ಗೆ?"

"ನಾನು ನೋಡಿಲ್ಲ."

"ಸಂಜೆ ಆರು ಒಂಬತ್ತಕ್ಕೆ ಎಲ್ಲಿದ್ರಿ?"

"ಸೌನಾದಲ್ಲಿ."

"ನಿಮ್ಮ ಬಟ್ಟೆ ಯಾಕೆ ಒದ್ದೆಯಾಗಿರಲಿಲ್ಲ?"

ಹನ್ನೆಲೆ ಪ್ರಯೋಗಾಲಯದ ಹಾಳೆಯನ್ನು ಅವನ ಕಡೆ ತಿರುಗಿಸಿ, ೬.೩೧ರ ಸಾಲಿನ ಮೇಲೆ ಬೆರಳಿಟ್ಟಳು.

"ಪಿನ್ ಗೊತ್ತಿಲ್ಲ ಅಂದ್ರಿ. ನಿಮ್ಮ ಅತ್ತೆಗೆ ನೀವೇ ಹೇಳಿಕೊಟ್ಟಿದ್ರಂತೆ. ನೀವು ನಿದ್ದೆ ಹೋಗಿದೀರಿ ಅಂತ ಸೈಯಾ ಒಬ್ಬಳೇ ಹೋದಳು. ಪಾಪ, ಎಬ್ಬಿಸಲಿಲ್ಲ ಅಂತ ಲೆಂಪಿ ಅಜ್ಜಿ ಹತ್ರ ಹೇಳಿದಾಳೆ."

"ಪಾಪ ಅಂದ್ಲಾ?" ಎಂದ ಯಾರ್ನೊ.

"ಅಂದಳು."

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಆ ದೊಡ್ಡ ಬೆನ್ನು ಅಲುಗತೊಡಗಿತು. ಹನ್ನೆಲೆ ಕಾದಳು. ಗಡಿಯಾರದಲ್ಲಿ ಒಂಬತ್ತು ಇಪ್ಪತ್ತಾರು ಆಗಿತ್ತು. ಕೆರಾನೆನ್ ಅದನ್ನೂ ಬರೆದುಕೊಂಡ.

"ಸಕ್ಕರೆ ಇಳಿದ್ರೆ ಅವಳಿಗೆ ಎಚ್ಚರ ಆಗ್ತಿರಲಿಲ್ಲ ಮೇಡಂ. ಫೋನು ಕಿವಿ ಹತ್ರ ಕಿರುಚಿದ್ರೂ ಇಲ್ಲ. ಏಳೋನು ನಾನು. ದಿನಾ ರಾತ್ರಿ ಮೂರು ಸಲ, ನಾಲ್ಕು ಸಲ. ಎತ್ತಿ ಕೂರಿಸಿ ಜ್ಯೂಸ್ ಕುಡಿಸಬೇಕು, ಕಾಲು ಗಂಟೆ ಕಾಯಬೇಕು, ಏರಿತಾ ನೋಡಬೇಕು. ಹನ್ನೊಂದು ವರ್ಷ. ಬೇರೆ ಕೋಣೇಲಿ ಮಲಗಿ ನೋಡಿದೆ. ಅಲ್ಲೂ ಕೇಳ್ಸುತ್ತೆ. ಕೇಳ್ಸದೇ ಇದ್ರೂ ಕೇಳ್ಸುತ್ತೆ."

"ಅಲಾರಂ ನಿಲ್ಲಿಸಬಹುದಿತ್ತಲ್ಲ?"

"ತೀರಾ ಇಳಿದಾಗಿನ ಅಲಾರಂ ನಿಲ್ಲಿಸೋಕೆ ಬರಲ್ಲ. ಹಾಗೇ ಮಾಡಿಟ್ಟಿದಾರೆ."

"ಅದಕ್ಕೆ ಅಪ್‌ಡೇಟ್."

"ಹೂಂ. ಅಕ್ಟೋಬರಿನಲ್ಲಿ ಹನ್ನೆರಡು ಟನ್ ಉಕ್ಕು ಕೊಕ್ಕೆಯಲ್ಲಿ ನೇತಾಡ್ತಿದ್ದಾಗ ತೂಕಡಿಸಿಬಿಟ್ಟೆ. ಕೆಳಗೆ ಒಬ್ಬ ಇದ್ದ. ಅವನು ಓಡದೇ ಇದ್ದಿದ್ರೆ... ಯಾರಿಗೂ ಹೇಳಲಿಲ್ಲ. ಶನಿವಾರ ಅವಳು ಕೆಳಗೆ ಹೋದಾಗ ಫೋನು ಮತ್ತೆ ಕೇಳ್ತು, ಅಪ್‌ಡೇಟ್ ಮಾಡ್ಲಾ ಅಂತ. ಒತ್ತಿದೆ. ಒಂದು ರಾತ್ರಿಗೆ ಏನಾಗುತ್ತೆ, ಬೆಳಿಗ್ಗೆ ಎದ್ದು ಅಯ್ಯೋ ತಾನಾಗೇ ಆಗಿಬಿಟ್ಟಿದೆ ಅಂದರಾಯ್ತು ಅಂದ್ಕೊಂಡೆ."

"ಸಾಯಬಹುದು ಅಂತ ಗೊತ್ತಿತ್ತಾ?"

"ಗೊತ್ತಿತ್ತು. ಅಡುಗೆಮನೇಲಿ ಬಿದ್ದಾಗ ಆಸ್ಪತ್ರೆಗೆ ಎತ್ತಿಕೊಂಡು ಹೋದೋನು ನಾನೇ."

"ಒಂದು ರಾತ್ರಿ ನೀವು ಬಂದು ಇರಿ ಅಂತ ಅತ್ತೇನ ಕೇಳಬಹುದಿತ್ತು."

"ಕೇಳಬಹುದಿತ್ತು" ಎಂದ ಯಾರ್ನೊ. ಆಮೇಲೆ ಕೇಳದೆಯೇ ಹೇಳಿದ: "ಒಂಬತ್ತು ಗಂಟೆ ನಿದ್ದೆ ಮಾಡಿದೆ. ಒಂದೇ ಸಮನೆ. ಎದ್ದಾಗ ಎಷ್ಟು ಹಗುರ ಅನ್ನಿಸ್ತು ಅಂದ್ರೆ, ಕಾಫಿ ಇಟ್ಟು ಆಮೇಲೆ ಅವಳನ್ನ ಎಬ್ಬಿಸೋಕೆ ಹೋದೆ."

ಹತ್ತು ಹದಿನೈದಕ್ಕೆ ಅವನನ್ನು ಬಂಧಿಸಲಾಯಿತು. ಪ್ರಯೋಗಾಲಯದ ವರದಿಗೆ ಇನ್ನೊಂದು ಹಾಳೆ ಇತ್ತು; ಅದನ್ನು ಹನ್ನೆಲೆ ಅವನಿಗೆ ತೋರಿಸಲಿಲ್ಲ. ಆ ರಾತ್ರಿ ಆ್ಯಪ್ ಅಳೆಯುವುದನ್ನು ನಿಲ್ಲಿಸಿರಲಿಲ್ಲ, ಸದ್ದು ಮಾಡುವುದನ್ನು ಮಾತ್ರ ಮರೆತಿತ್ತು. ಇಳಿಯುತ್ತಲೇ ಹೋದ ಸಕ್ಕರೆ: ೪.೧, ೩.೩, ೨.೬, ೧.೯. ಐದೈದು ನಿಮಿಷಕ್ಕೊಂದು ಅಂಕಿ, ಬೆಳಗಿನ ಜಾವದವರೆಗೆ.

ಮಧ್ಯಾಹ್ನ ಎರಡು ಗಂಟೆಗೆ ಮರ್ಕೆತ್ತಾ ಬಂದಳು. ಕೆರಾನೆನ್ ಎದ್ದು ನಿಂತು, ತನ್ನ ಹಳೆಯ ಸಾಲನ್ನು ಹೊಡೆದುಹಾಕಿ ಹೊಸದಾಗಿ ಬರೆದದ್ದನ್ನು ಓದಿ ಹೇಳಿದ: "ಅಪ್‌ಡೇಟನ್ನು ಮೃತಳು ಮಾಡಿಲ್ಲ." ತಪ್ಪಾಯಿತು ಎಂದೂ ಹೇಳಿದ. ಅವಳು ತಲೆಯಾಡಿಸಿದಳು.

"ಅವಳನ್ನ ಕಂಡ್ರೆ ಆಗ್ತಿರಲಿಲ್ವಾ ಅವನಿಗೆ? ಇನ್ನೊಬ್ಬಳು ಇದ್ಲಾ?"

"ಇಲ್ಲ. ನಿದ್ದೆ ಬೇಕಿತ್ತಂತೆ" ಎಂದಳು ಹನ್ನೆಲೆ.

ಮರ್ಕೆತ್ತಾ ಬೈಯುತ್ತಾಳೆ, ಅಳುತ್ತಾಳೆ ಎಂದು ಇಬ್ಬರೂ ಕಾದರು. ಅವಳು ಕುರ್ಚಿಯನ್ನು ತಡಕಿ ಕೂತಳು.

"ಸೈಯಾಗೆ ಒಂಬತ್ತು ವರ್ಷ ಆಗ. ಈ ಫೋನು ಗೀನು ಏನೂ ಇರಲಿಲ್ಲ. ರಾತ್ರಿ ಎರಡಕ್ಕೆ ಗಡಿಯಾರ ಇಟ್ಟು, ಎದ್ದು, ಬೆರಳು ಚುಚ್ಚಿ ನೋಡಬೇಕಿತ್ತು. ದಿನಾ. ಒಂದು ದಿನ ಗಡಿಯಾರಾನ ದಿಂಬಿನ ಕೆಳಗೆ ತುರುಕಿ ಮಲಗಿಬಿಟ್ಟೆ. ಬೇಕಂತಲೇ. ಬೆಳಿಗ್ಗೆ ಅವಳು ಎದ್ದು ಬಂದು ಅಮ್ಮ, ಗಂಜಿ ಆಯ್ತಾ ಅಂದ್ಲು." ನೋಟ್‌ಬುಕ್ಕಿನ ನೀಲಿ ರಟ್ಟನ್ನು ಉಗುರಿನಿಂದ ಕೆರೆಯುತ್ತಿದ್ದಳು. "ಎದ್ದು ಬಂದ್ಲು, ಅದಕ್ಕೆ ನಾನು ಲಾಕಪ್ಪಿನ ಒಳಗಲ್ಲ, ಈ ಕಡೆ ಕೂತಿದೀನಿ. ಮದುವೆ ದಿನ ಅವನ ಕೈ ಹಿಡಿದು, ಇನ್ಮೇಲೆ ರಾತ್ರಿ ಪಾಳಿ ನಿಂದಪ್ಪ ಅಂದೆ. ಎಲ್ಲಾರೂ ನಕ್ಕರು. ಆವತ್ತಿಂದ ಅವನನ್ನ ಒಂದು ದಿನಾನೂ ಕೇಳಲಿಲ್ಲ, ಮಲಗ್ತಿದೀಯಾ ಅಂತ. ನಾನು ಹನ್ನೊಂದು ವರ್ಷ ಚೆನ್ನಾಗಿ ಮಲಗಿದೆ."

ಕೆರಾನೆನ್ ಪೆನ್ನು ಮುಚ್ಚಿ ಜೇಬಿಗೆ ಹಾಕಿಕೊಂಡ. ಮರ್ಕೆತ್ತಾ ಎದ್ದು ಕೋಟಿನ ಗುಂಡಿ ಹಾಕಿಕೊಂಡು, ಲಾಕಪ್ಪು ಯಾವ ಕಡೆ, ಅವನಿಗೆ ಹೊದೆಯಲು ಏನಾದರೂ ಕೊಟ್ಟಿದ್ದೀರಾ ಎಂದು ಕೇಳಿದಳು.